ಹಿಂದಿನ ಕೋಣೆಯ ಕೂಲರ್

ಆ ಬೇಸಿಗೆ ರಜೆಯಲ್ಲಿ ನಮ್ಮ ಹೊಸಪೇಟೆಯ ಮನೆಯಲ್ಲಿ ಮೂರು ಮಕ್ಕಳಿದ್ದರು: ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ಕಂಪ್ಲಿಯಿಂದ ಬಂದಿದ್ದ ಅಕ್ಕನ ಮಗಳು. ಗಂಡ ಸಂಡೂರಿನ ಗಣಿ ಕೆಲಸಕ್ಕೆ ಬೆಳಿಗ್ಗೆ ಬೇಗ ಹೋದರೆ ಬರುವುದು ಸಂಜೆಗೆ. ನಾನು ಪಡಸಾಲೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತೇನೆ. ಮದುವೆಗಳ ಕಾಲ, ಮಷೀನು ಬಿಟ್ಟೇಳಲು ಪುರಸೊತ್ತಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ.

ಮೊದಲ ವಾರ ಏನೇನೋ ಮಾಡಿದೆ. ಅವರು ಆಟವಾಡುವ ಹಳೆಯ ಫೋನನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಕೇರಂ ಬೋರ್ಡ್ ತಂದೆ, ನೆಲದ ಮೇಲೆ ಚೌಕಾಬಾರ ಬರೆದುಕೊಟ್ಟೆ, ಒಂದು ಬೆಳಿಗ್ಗೆ ಹಂಪಿಗೆ ಕರೆದೊಯ್ದು ಬಿಸಿಲೇರುವ ಮೊದಲೇ ವಾಪಸು ಕರೆತಂದೆ. ಯಾವುದಾದರೂ ಅರ್ಧ ತಾಸು. ಆಮೇಲೆ ಮತ್ತೆ ಜಗಳ, ಮತ್ತೆ "ಅಮ್ಮ, ಬ್ಯಾಸರ ಆಗೈತಿ."

ಎರಡನೆಯ ವಾರ ಮನೆ ಒಮ್ಮೆಲೇ ಸುಮ್ಮನಾಯಿತು. ಮೂವರೂ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ಮೊದಲ ದಿನ ಖುಷಿಯಾಯಿತು. ಮೂರನೆಯ ದಿನ ಬೀರು ತೆಗೆದು ನೋಡಿದೆ. ಫೋನು ಇಟ್ಟಲ್ಲೇ ಇತ್ತು.

ಆ ಕೋಣೆಯ ಕಿಟಕಿಗೆ ಕೂಡಿಸಿದ್ದ ಕೂಲರಿನ ಸದ್ದೂ ಇರಲಿಲ್ಲ. ಮಗಳನ್ನು ಕೇಳಿದರೆ ನನ್ನ ಮುಖ ನೋಡದೆ "ಕೆಟ್ಟೈತಿ" ಎಂದಳು. ಕಾದ ಹೆಂಚಿನಂಥ ಕೋಣೆಯಲ್ಲಿ ಕೂತು ಇವರು ಮಾಡುವುದಾದರೂ ಏನು? ಅಡುಗೆಮನೆಯ ಡಬ್ಬಿಯಲ್ಲಿ ಶೇಂಗಾ ಬೇರೆ ದಿನದಿನಕ್ಕೂ ಕಡಿಮೆಯಾಗುತ್ತಿತ್ತು. ಅತ್ತೆಗೆ ಹೇಳಿದೆ.

"ಆಡ್ತಾವ ಬಿಡು. ಮಕ್ಳು ಸುಮ್ನಿದ್ರೂ ನಿನಗ ಚಿಂತಿ" ಎಂದು ನಕ್ಕರು. ಆ ನಗುವಿನ ಮೇಲೂ ನನಗೆ ಅನುಮಾನ ಬಂತು.

ಒಂದು ಮಧ್ಯಾಹ್ನ ಸದ್ದಿಲ್ಲದೆ ಹೋಗಿ ಬಾಗಿಲಿಗೆ ಕಿವಿಗೊಟ್ಟೆ.

"ಇವತ್ತ ಎಷ್ಟು ಸಲ ಹೊರಗ ಹೋದ್ಲು?" ಅಕ್ಕನ ಮಗಳ ದನಿ.

"ನಾಕು ಸಲ" ಎಂದ ನನ್ನ ಮಗ.

"ಬರಕೋ. ಯಾರಿಗೂ ಹೇಳಬ್ಯಾಡ್ರಿ ಮತ್ತ."

ಮರುದಿನ ಬೆಳಿಗ್ಗೆ ಮಕ್ಕಳು ತಿಂಡಿ ತಿನ್ನುವಾಗ ಆ ಕೋಣೆಗೆ ಹೋದೆ. ದಿಂಬಿನ ಕೆಳಗೆ ಮಗನ ನೋಟ್‌ಬುಕ್ ಸಿಕ್ಕಿತು. ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದ: "ಹತ್ತು ಗಂಟೆ, ಹೋದಳು. ಹತ್ತೂ ಮುಕ್ಕಾಲು, ಬಂದಳು. ಹನ್ನೆರಡು, ಹೋದಳು." ಹಿಂದಿನ ದಿನ ಹತ್ತಕ್ಕೆ ನಾನು ಲೈನಿಂಗ್ ಬಟ್ಟೆ ತರಲು ಬಜಾರಕ್ಕೆ ಹೋಗಿದ್ದೆ. ಹನ್ನೆರಡಕ್ಕೆ ಹೊಲಿದ ಬ್ಲೌಸ್ ಕೊಡಲು ಮತ್ತೆ ಹೊರಟಿದ್ದೆ. ನಾನು ಮನೆಯಿಂದ ಹೊರಗೆ ಕಾಲಿಟ್ಟಾಗಲೆಲ್ಲ "ಮತ್ತ ಎಲ್ಲಿಗೆ?" ಎಂದು ಕೇಳುವವರು ಈ ಮನೆಯಲ್ಲಿ ಒಬ್ಬರೇ.

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರಿಗೆ ನಿಂತು ಕೇಳಿಯೇಬಿಟ್ಟೆ. "ಅತ್ತಿ, ನನ್ನ ಮ್ಯಾಲ ಕಣ್ಣಿಡಾಕ ಮಕ್ಳನ್ನ ಹಚ್ಚೀರೇನ್ರಿ?"

"ಏನಂದಿ?"

ನೋಟ್‌ಬುಕ್ಕಿನಲ್ಲಿದ್ದುದನ್ನು ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಮೊರವನ್ನು ಪಕ್ಕಕ್ಕಿಟ್ಟರು.

"ಇಷ್ಟು ವರ್ಷ ಒಂದ ಮನ್ಯಾಗ ಇದ್ದೀವಿ. ನನ್ನ ಮ್ಯಾಲ ನಿನಗ ಇಷ್ಟ ನಂಬಿಕಿ ಏನು?"

ನಾನು ಉತ್ತರಿಸುವ ಮೊದಲೇ ಬಾಗಿಲಲ್ಲಿ ಮೆಕ್ಯಾನಿಕ್ ನಿಂತಿದ್ದ. ಕೂಲರ್ ರಿಪೇರಿಗೆ ಅವನನ್ನು ಬರಹೇಳಿದ್ದು ನಾನೇ. ಅವನನ್ನು ಹಿಂದಿನ ಕೋಣೆಗೆ ಕರೆದೊಯ್ದೆ. ಸ್ಕ್ರೂಡ್ರೈವರ್ ತೆಗೆದದ್ದೇ ತಡ, ಮಗ ಓಡಿಬಂದು ಅವನ ತೋಳಿಗೆ ಜೋತುಬಿದ್ದ.

"ತೆಗೀಬ್ಯಾಡ್ರಿ, ಮರಿ ಸಾಯ್ತಾವು."

ಮೆಕ್ಯಾನಿಕ್ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದ. "ಅಕ್ಕಾರ, ಕೂಲರ್ ಮಸ್ತ್ ಐತ್ರಿ. ಒಳಗ ಇಣಚಿ ಮರಿ ಹಾಕೇತಿ."

ನಾನೂ ಬಗ್ಗಿದೆ. ಒಣಹುಲ್ಲಿನ ಮಧ್ಯೆ, ನನ್ನದೇ ಹೊಲಿಗೆಯ ಬಟ್ಟೆಚೂರುಗಳ ಮೇಲೆ, ಮೂರು ಅಳಿಲು ಮರಿಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಬೆನ್ನ ಮೇಲೆ ಗೆರೆ ಈಗಷ್ಟೇ ಮೂಡುತ್ತಿತ್ತು, ಕಣ್ಣು ಇನ್ನೂ ಬಿಟ್ಟಿರಲಿಲ್ಲ. ಹೋದವಳು, ಬಂದವಳು, ಇವುಗಳ ತಾಯಿ.

"ನಿನಗ ಹೇಳಿದ್ರ ಕೂಲರ್ ಹಚ್ಚತಿದ್ದಿ" ಎಂದಳು ಮಗಳು. "ಅಜ್ಜಿಗೆ ಅಷ್ಟ ಹೇಳಿದ್ವಿ. ತಾಯಿ ಇಣಚಿಗೆ ಹಾಕಾಕ ಶೇಂಗಾ ಅಜ್ಜಿನ ಕೊಟ್ಟಾಳ."

ಅವಳ ಮಾತು ಸುಳ್ಳಲ್ಲ. ಹೇಳಿದ್ದರೆ ಹಚ್ಚುತ್ತಿದ್ದೆನೇನೋ. ಮೆಕ್ಯಾನಿಕ್‌ಗೆ ಚಹಾ ಕೊಟ್ಟು ಕಳಿಸಿ ಅಡುಗೆಮನೆಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ತಪ್ಪಾತ್ರಿ ಅತ್ತಿ."

ಅವರ ಕೈ ನಿಲ್ಲಲಿಲ್ಲ, ತಲೆಯೂ ಏಳಲಿಲ್ಲ. ಎರಡು ದಿನ ನನಗೆ ಹೇಳಬೇಕಾದದ್ದನ್ನೆಲ್ಲ ಮಕ್ಕಳ ಕೈಲಿ ಹೇಳಿಸಿದರು. ನಾನು ಬಡಿಸಿದ್ದನ್ನು ಉಂಡರು, ಸಾಕು ಬೇಕು ಅನ್ನಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬ್ಲೌಸಿಗೆ ತೋಳು ಜೋಡಿಸುತ್ತಿದ್ದೆ. ಅತ್ತೆ ತಾವೇ ಪಡಸಾಲೆಯ ಬಾಗಿಲಿಗೆ ಬಂದು ನಿಂತರು.

"ಮಷೀನ್ ಬಿಟ್ಟು ಜಲ್ದಿ ಬಾ" ಎಂದರು. "ಮರಿ ಕಣ್ಣು ಬಿಟ್ಟಾವು."