ಮೇಷ್ಟ್ರಿಗೆ ಹೇಳಿದ ಸುಳ್ಳು ಹೂಂ

ಒಣಗಿದ ಮುತ್ತುಗದ ಎಲೆಗೆ ನೀರು ಚಿಮುಕಿಸಿದಾಗ ಏಳುವ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈ ನಿಂತುಹೋಯಿತು. ಮೊಮ್ಮಗಳು ಸಿ.ಎ. ಪರೀಕ್ಷೆ ಪಾಸಾದಳೆಂದು ತಿ. ನರಸೀಪುರದ ನಮ್ಮ ಮನೆಯಲ್ಲಿ ಇವತ್ತು ಊಟ. ಕಡ್ಡಿ ಚುಚ್ಚಿ ಊಟದೆಲೆ ನಾನೇ ಹಚ್ಚುತ್ತೇನೆ ಎಂದು ಹಟ ಹಿಡಿದು ಜಗಲಿಯಲ್ಲಿ ಕೂತಿದ್ದೆ. ನಾಲ್ಕನೇ ಕ್ಲಾಸು ದಾಟದವಳ ಮೊಮ್ಮಗಳು ಕಣ್ರೀ! ಬೆಳಗಿನಿಂದ ಹಾಲಿನವನಿಗೂ ಹೇಳಿದೆ, ಬಸ್ಸಿಗೆ ಕಾಯುತ್ತಿದ್ದವರಿಗೂ ಹೇಳಿದೆ. ಅಂಥ ಹೊತ್ತಿನಲ್ಲಿ ಈ ವಾಸನೆ… ಅದರ ಹಿಂದೆಯೇ ಮೇಷ್ಟ್ರ ದನಿ.

ಮದುವೆಯಾದ ಹೊಸತರಲ್ಲಿ ನಾವು ನಂಜನಗೂಡಿನಲ್ಲಿದ್ದೆವು. ಮೇಷ್ಟ್ರು ಪಕ್ಕದ ಮನೆಯವರು, ಪೂಜೆಯ ಮನೆತನ. ದಿನಾ ಬೆಳಿಗ್ಗೆ ಪಾಠ ಮಾಡಲು ಶಾಲೆಗೆ ಹೋಗುವ ಮೊದಲು ಇದೇ ಸಿ.ಎ.ಗೆ ಓದುತ್ತಿದ್ದರು. ಎರಡು ಸಲ ಫೇಲಾಗಿದ್ದರು. ಇದೇ ಕೊನೆಯ ಸಲ ಎಂದು ಮನೆಯವರಿಗೆ ಮಾತು ಕೊಟ್ಟಿದ್ದರು. ನಾನು ಊಟದೆಲೆ ಹಚ್ಚುತ್ತಿದ್ದರೆ ಎದುರು ಬಂದು ಕೂತು, ಪುಸ್ತಕ ಮುಚ್ಚಿ, ಓದಿದ್ದನ್ನೆಲ್ಲ ನನಗೆ ಹೇಳುತ್ತಿದ್ದರು.

“ಏನೂ ಗೊತ್ತಿಲ್ದೋರಿಗೆ ತಿಳಿಸೋಕೆ ಬಂದ್ರೆ ಮಾತ್ರ ಓದಿದ್ದು ಬಂತು ಅಂತ ಕಣಮ್ಮ. ಅರ್ಥ ಆಗ್ದಿದ್ರೆ ಅಲ್ಲೇ ತಡೀಬೇಕು.”

“ತಡಿಯಕ್ಕೆ ನೀವೇನ್ ಎತ್ತಿನ್ ಗಾಡಿಯಾ ಸಾ?”

ನಕ್ಕಿದ್ದರು. ನಾಲಿಗೆ ತಡವರಿಸಿದ ಕಡೆ ನನ್ನ ಎಲೆಯ ಕಡ್ಡಿಯೊಂದನ್ನು ಪುಟದ ನಡುವೆ ಇಡುವರು. ಮಾರನೆಯ ದಿನ ಆ ಕಡ್ಡಿಯಿಂದಲೇ ಶುರು.

ನಮ್ಮ ಕಡೆ ಯಾರಾದರೂ ಕಥೆ ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವರಿಗೆ ಅವಮಾನ. ನಾನು ಪಾಠಕ್ಕೂ ಹಾಗೇ ಹೂಂಗುಟ್ಟಿದೆ. ಒಂದು ದಿನ ಆಡಿಟ್ ವಿಷಯ ಬಂತು. ಗೋದಾಮಿನ ಮೂಟೆಗಳನ್ನೆಲ್ಲ ಬಿಚ್ಚಬೇಕಿಲ್ಲ, ಕೆಲವನ್ನು ಆರಿಸಿ ನೋಡಿದರೆ ಸಾಕು ಎಂದರು. ಆರಿಸುವುದು ಹೇಗೆ? ಕೆಟ್ಟ ಮೂಟೆ ಹಿಂದಿನ ಸಾಲಿನಲ್ಲಿದ್ದರೆ? ಕೇಳಬೇಕೆನಿಸಿತು. ಅವರ ಮುಖದಲ್ಲಿ ಅಷ್ಟು ಖುಷಿಯಿತ್ತು… ಹೂಂ ಎಂದುಬಿಟ್ಟೆ. ಅವರು ಕಡ್ಡಿ ಇಡಲಿಲ್ಲ.

ಆ ಸಲದ ಪರೀಕ್ಷೆಯೂ ಆಡಿಟ್ ಪೇಪರಿನಲ್ಲೇ ಹೋಯಿತು.

“ಆರಿಸೋದು ಹೇಗೆ ಅಂತಲೇ ಕೇಳಿದ್ರಮ್ಮ. ನಿಮಗೆ ಅರ್ಥ ಆಗಿತ್ತಲ್ಲ, ನಂಗೆ ಬರುತ್ತೆ ಅಂತ ಅದನ್ನ ಮತ್ತೆ ತೆಗೀಲೇ ಇಲ್ಲ,” ಎಂದರು. ಬೈಯಲಿಲ್ಲ. ಪುಸ್ತಕಗಳನ್ನು ಯಾರಿಗೋ ಕೊಟ್ಟರು. ಮತ್ತೆ ನಮ್ಮ ಜಗಲಿಗೆ ಬರಲಿಲ್ಲ. ನಾವು ಈ ಊರಿಗೆ ಬಂದ ಎಷ್ಟೋ ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಆ ಹೂಂ ಸುಳ್ಳೆಂದು ಅವರಿಗೆ ಹೇಳಲೇ ಇಲ್ಲ ನಾನು.

ಮೊಮ್ಮಗಳನ್ನು ಹಾಗೆ ಬಿಡಲಿಲ್ಲ. ದಿನವೂ ಪುಸ್ತಕ ಮುಚ್ಚಿಸಿ ಎದುರು ಕೂರಿಸಿದೆ. ಮೂಟೆಯ ಪಾಠ ಬಂದ ದಿನ ನಡುವೆಯೇ ಕೈ ಅಡ್ಡ ಹಿಡಿದೆ.

“ತಡಿಯವ್ವ. ಕೆಟ್ಟ ಮೂಟೆ ಇಂದುಗಡೆ ಇದ್ರೆ?”

“ಅಜ್ಜೀ, ನಿನಗ್ಯಾಕೆ ಮೂಟೆ ಉಸಾಬರಿ!” ಎಂದಳು. ಆಮೇಲೆ ಉತ್ತರ ಹುಡುಕಲು ಪುಸ್ತಕ ಬಿಚ್ಚಿದಳು. ನಾನು ಒಂದು ಕಡ್ಡಿ ಕೊಟ್ಟೆ. ಮೂರನೆಯ ದಿನಕ್ಕೆ ನನಗೆ ತಿಳಿಸಿದಳು: ಕೈಗೆ ಸಿಕ್ಕಿದ್ದನ್ನಲ್ಲ, ಹಿಂದಿನ ಸಾಲಿನದಕ್ಕೂ ಸರದಿ ಸಿಗುವ ಹಾಗೆ ಆರಿಸಬೇಕಂತೆ. ಆಗ ಹೂಂ ಎಂದೆ.

ಈಗ ಒಳಗೆ ಅವಳ ನಗು ಕೇಳುತ್ತಿದೆ. ಎಲೆಗೆ ಕಡ್ಡಿ ಚುಚ್ಚಿದರೆ ಮತ್ತೆ ಅದೇ ದನಿ… “ಅರ್ಥ ಆಯ್ತೇನಮ್ಮ?”

“ಇಲ್ಲ ಮೇಷ್ಟ್ರೇ, ಆಗ್ನಿಲ್ಲ,” ಎಂದೆ, ಜೋರಾಗಿಯೇ.

ಎದುರಿಗೆ ಯಾರೂ ಇರಲಿಲ್ಲ.