ಗಂಗಮ್ಮನ ಜಾಗ

ಹಿಂದೂಪುರದ ಹುಣಸೆ ಮಂಡಿಯಲ್ಲಿ ಕೆಲಸಕ್ಕೆ ಕೂತ ಮೊದಲ ದಿನವೇ, ಮುಂದೆ ಯಾರೂ ಕೂತಿಲ್ಲದ ಒಂದು ಬುಟ್ಟಿ ತುಂಬುತ್ತಾ ಹೋಗುವುದನ್ನು ನೋಡಿದೆ. ತಗಡಿನ ಸೂರಿನ ಕೆಳಗೆ ಹತ್ತು ಹೆಂಗಸರು ಸಾಲಾಗಿ ಕೂತಿದ್ದೆವು. ಓಡು ಬಿಡಿಸಿ, ನಾರು ಎಳೆದು, ಕೊಡತಿಯಿಂದ ಕುಟ್ಟಿ ಬೀಜ ಹಾರಿಸಿ, ಹಣ್ಣನ್ನು ಬುಟ್ಟಿಗೆ ಹಾಕುವುದು ಕೆಲಸ. ಗೋಡೆ ಪಕ್ಕದ ಜಾಗ ಮಾತ್ರ ಖಾಲಿ. ಆದರೆ ಅದರ ಮುಂದಿದ್ದ ಬುಟ್ಟಿಗೆ ಒಬ್ಬೊಬ್ಬಳೂ ಆಗಾಗ ಕೈ ಚಾಚಿ ಒಂದೊಂದು ಹಿಡಿ ಹಾಕುತ್ತಿದ್ದಳು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ದೇವರಿಗೆ ಎತ್ತಿಡುವ ಪಾಲಿರಬೇಕು ಎಂದುಕೊಂಡೆ.

ಪಕ್ಕದಲ್ಲಿದ್ದ ಲಕ್ಷ್ಮಕ್ಕನನ್ನು ಕೇಳಿದೆ. ಐವತ್ತು ದಾಟಿದ ಹೆಂಗಸು. ನಾವಿದ್ದ ಬಾಡಿಗೆ ಕೋಣೆಗಳ ಸಾಲಿನಲ್ಲೇ ಇದ್ದಳು. ನನಗೆ ಈ ಕೆಲಸ ಕೊಡಿಸಿದವಳೂ ಅವಳೇ.

"ಅದು ಗಂಗಮ್ಮನ್ದು ಕಣಮ್ಮ. ಬಾಣಂತಿ. ಬಂದಿಲ್ಲ ಅಂದ್ರೆ ಹೆಸ್ರು ಹೊಡೆದು ಬೇರೇವ್ಳನ್ನ ಕೂರುಸ್ತಾರೆ. ಗೇಟ್ನಾಗೆ ಎಷ್ಟ್ ಜನ ಕಾಯ್ತಾವ್ರೆ ನೋಡ್ಲಿಲ್ವಾ? ಅದ್ಕೆ ಅವಳ್ ಹೆಸ್ರಲ್ಲಿ ಒಂದು ಬುಟ್ಟಿ ತೂಕ ಕೊಡ್ತೀವಿ."

ಸಂಜೆ ಗುಮಾಸ್ತ "ಗಂಗಮ್ಮ" ಎಂದು ಕೂಗಿದ. ಯಾರೋ ಒಬ್ಬಳು "ಬಂದೀನಿ" ಎಂದಳು. ಅವನು ತಲೆ ಎತ್ತದೆ ತೂಕ ಬರೆದುಕೊಂಡ.

ಮನೆಗೆ ನಡೆದು ಬರುವಾಗ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಇದು ಮೋಸ ಎನಿಸಿತು. ಬಡವರ ಬುದ್ಧಿ ಹೀಗೆಯೇ ಎನಿಸಿತು. ಬೆಳುಗುಪ್ಪದಲ್ಲಿ ಕೂತು ಇದನ್ನು ಓದುವ ನಮ್ಮವರಿಗೂ ಈಗ ಹಾಗೇ ಅನಿಸುತ್ತಿರಬಹುದು. ಅನಿಸಲಿ. ನಿಮ್ಮ ಮನೆಯಿಂದಲೇ ಹೊರಟು ಬಂದವಳು ನಾನು.

ನಮ್ಮದು ಬೆಳುಗುಪ್ಪದ ಹತ್ತಿರದ ಹಳ್ಳಿ. ನಾಲ್ಕು ತಲೆಮಾರಿನ ಬೇಸಾಯ, ಪಂಪ್‌ಸೆಟ್ಟು, ಹೊಲದ ತುಂಬಾ ಕಡಲೆಕಾಯಿ. ಕೂಲಿಯವರು ಮಧ್ಯಾಹ್ನ ಹಿತ್ತಿಲಿಗೆ ಬಂದು ಬೊಗಸೆ ಒಡ್ಡಿದರೆ ನಮ್ಮವ್ವ ಮೆಟ್ಟಿಲ ಮೇಲೆ ನಿಂತು ಮಜ್ಜಿಗೆ ಹೊಯ್ಯುತ್ತಿದ್ದಳು. ಯುಗಾದಿಗೆ ಹಳೆಯ ಸೀರೆ, ಸುಗ್ಗಿಗೆ ಮೊರದ ತುಂಬಾ ಕಾಯಿ. ಕೊಡುವವರ ಮನೆ ಎಂದು ಸುತ್ತಲೂ ಹೆಸರಿತ್ತು. ಕಲ್ಯಾಣದುರ್ಗದ ಸಂತೆಗೆ ಹೋದರೂ ಅಂಗಡಿಯವರು "ದೊಡ್ಡಮನೆ ಹುಡುಗಿ" ಎಂದು ಮೊದಲು ನನ್ನನ್ನೇ ವಿಚಾರಿಸುತ್ತಿದ್ದರು. ಆ ಮಾತು ನನ್ನ ಮೈಮೇಲಿನ ಇನ್ನೊಂದು ಒಡವೆಯಂತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಗಂಡ ಅಣ್ಣತಮ್ಮಂದಿರ ಜತೆ ಜಗಳವಾಡಿ ಮನೆ ಬಿಟ್ಟರು. ಮೋಟರ್ ವೈಂಡಿಂಗ್ ಕಲಿತಿದ್ದರು. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ಅದು. ಹಿಂದೂಪುರದ ಅಂಗಡಿಯೊಂದರಲ್ಲಿ ಸೇರಿದರು. ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆಯ ಮನೆ, ಎಂಟು ಮನೆಗೆ ಒಂದು ನಲ್ಲಿ. ಬಾಗಿಲು ತೆರೆದರೆ ಹುಣಸೆಯ ಹುಳಿ ವಾಸನೆ ಹಲ್ಲಿನವರೆಗೂ ಬರುತ್ತಿತ್ತು. ತೆಲುಗಿನಲ್ಲಿ ಹುಣಸೆಹಣ್ಣಿಗೆ ಚಿಂತಪಂಡು ಎನ್ನುತ್ತಾರೆ. ನನಗೆ ತೆಲುಗು ಹೊಸದಲ್ಲ, ಆದರೂ ಆ ದಿನಗಳಲ್ಲಿ ಅದು ಚಿಂತೆಯ ಹಣ್ಣೆಂದೇ ಕಿವಿಗೆ ಬೀಳುತ್ತಿತ್ತು. ನಮ್ಮಲ್ಲಿ ಜೋಳದ ರೊಟ್ಟಿ, ಇಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ಅದು ನಾಲ್ಕು ದಿನದಲ್ಲಿ ಒಗ್ಗಿತು. ಒಗ್ಗದೇ ಹೋದದ್ದು ಬೇರೆ. ನಾನು ಯಾರ ಮಗಳು ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ. ನಲ್ಲಿಯ ಹತ್ತಿರ ಕೇಳುತ್ತಿದ್ದದ್ದು "ಎಷ್ಟು ಬಿಂದಿಗೆ?" ಎಂದು ಮಾತ್ರ.

ಗಂಡನ ಸಂಬಳ ಸಾಲದಾದಾಗ ನಾನು ಮಂಡಿಗೆ ಹೊರಟೆ. ಊರಿಗೆ ಬರೆದ ಕಾಗದದಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ ಎಂದು ಬರೆದೆ.

ಮಂಡಿ ಸಾಹುಕಾರರ ಹೆಂಡತಿ ವಾರಕ್ಕೊಮ್ಮೆ ಬಂದು ಸಾಲನ್ನು ನೋಡಿ ಹೋಗುತ್ತಿದ್ದರು. ಒಳ್ಳೆಯ ಹೆಂಗಸು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಅವರ ಮನೆಯಲ್ಲಿ ನಡೆಯುವ ಅನ್ನದಾನಕ್ಕೆ ಬೀದಿಯುದ್ದಕ್ಕೂ ಎಲೆ ಬೀಳುತ್ತಿತ್ತು, ತಾವೇ ನಿಂತು ಬಡಿಸುತ್ತಿದ್ದರು. ನನ್ನ ಮೂಗುತಿ ನೋಡಿ, ಮಾತು ಕೇಳಿ ಒಂದು ದಿನ ನಿಂತರು. "ಮೀದಿ ಏ ಊರಮ್ಮಾ?" ಎಂದು ಊರು ವಿಚಾರಿಸಿದರು. ಹೇಳಿದೆ. ನಮ್ಮಪ್ಪನ ಹೆಸರನ್ನು ಅವರು ಕೇಳಿದ್ದರು! "ಅಯ್ಯೋ, ಮೀರು ಮನವಾಳ್ಳೇ. ನೀವು ನಮ್ಮೋರೇ. ಇವರ ಜತೆ ಇಲ್ಲಿ ಕೂರೋದಾ?" ಎಂದು ಒಳಗೆ ಕರೆದು ಕಾಫಿ ಕೊಟ್ಟರು.

ಈ ಊರಿಗೆ ಬಂದ ಐದು ತಿಂಗಳ ನಂತರ ಒಬ್ಬರು ನನ್ನನ್ನು ಗುರುತಿಸಿದ್ದರು. ಬಾಯಿ ತಾನಾಗಿ ಬಿಚ್ಚಿಕೊಂಡಿತು. ಅವರನ್ನು ನಗಿಸಬೇಕೆಂದು, ಈ ಊರಿನ ವಿಚಿತ್ರಗಳಲ್ಲಿ ಒಂದೆಂಬಂತೆ, ಗಂಗಮ್ಮನ ಬುಟ್ಟಿಯ ವಿಷಯವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ. "ಪಾಪಂ" ಎಂದರು, ಅಷ್ಟೆ.

ಮಾರನೆಯ ದಿನ ಗಂಗಮ್ಮನ ಹೆಸರು ಹೊಡೆದಾಗಿತ್ತು. ಅವಳ ಜಾಗದಲ್ಲಿ ಹೊಸಬಳೊಬ್ಬಳು ತಲೆ ತಗ್ಗಿಸಿ ಕೂತಿದ್ದಳು. ಸಾಹುಕಾರರೇ ಬಂದು ಸಾಲಿನ ಮುಂದೆ ನಿಂತರು. "ನಾನು ಕೈಯೆತ್ತಿ ಕೊಡೋನು. ಕೇಳಿದ್ರೆ ಇಲ್ಲ ಅಂತಿದ್ನಾ? ಕದ್ದು ಯಾಕೆ ಮಾಡ್ಬೇಕು? ಇನ್ಮೇಲೆ ಬುಟ್ಟಿಗೊಂದು ತಲೆ ಕಾಣ್ಬೇಕು" ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಸಂಜೆಗೆ ಅವರ ಹೆಂಡತಿ ಗಂಗಮ್ಮನ ಮನೆಗೆ ಒಂದು ಚೀಲ ಅಕ್ಕಿ, ಒಂದು ಹೊಸ ಸೀರೆ ಕಳಿಸಿದರು.

ಗಂಗಮ್ಮ ನಮ್ಮ ಸಾಲಿನ ಕೊನೆಯ ಕೋಣೆಯವಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಗಂಡ ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿ ಸರಕು ಇಳಿಸುತ್ತಿದ್ದ, ವಾರಕ್ಕೊಮ್ಮೆ ಬಂದರೆ ಬಂದ. ನಾನು ಹೋದಾಗ ಅದೇ ಅಕ್ಕಿ ಒಲೆಯ ಮೇಲಿತ್ತು. "ಅಕ್ಕಿ ಒಳ್ಳೇದೇ ಕಣಕ್ಕ" ಎಂದಳು ಮಗುವಿಗೆ ಹಾಲು ಕುಡಿಸುತ್ತಾ. "ತಿಂದ್ಮೇಲೆ ಮುಗ್ದೋಯ್ತದೆ. ಜಾಗ ಆದ್ರೆ ಹಂಗೇ ಇರ್ತಿತ್ತು."

ಚಾಡಿ ಹೇಳಿದ್ದು ಯಾರೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ವಾರ ಕಳೆದ ಮೇಲೆ ನಲ್ಲಿಯ ಹತ್ತಿರ ಲಕ್ಷ್ಮಕ್ಕನ ಮುಂದೆ ಬಾಯಿಬಿಟ್ಟೆ. "ಹಿಂಗಾಗ್ತದೆ ಅಂತ ನಂಗೊತ್ತಿರಲಿಲ್ಲ ಲಕ್ಷ್ಮಕ್ಕ" ಎಂದು ಅತ್ತೆ.

ಅವಳು ತುಂಬಿದ ಬಿಂದಿಗೆಯನ್ನು ನಲ್ಲಿಯ ಕೆಳಗಿಂದ ಸರಿಸಿದಳು. ಆಮೇಲೆ, "ಗೊತ್ತಿರ್ಲಿಲ್ಲ ಅಂತಲ್ಲ ಕಣಮ್ಮ. ತಿಳ್ಕಳೋ ಅಂಥ ಗತಿ ನಿಂಗೆ ಬಂದಿರ್ಲಿಲ್ಲ" ಎಂದು ಬಿಂದಿಗೆ ಎತ್ತಿ ಸೊಂಟದ ಮೇಲಿಟ್ಟುಕೊಂಡು ಹೋದಳು.

ಆ ಗತಿ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಕಾಮಾಲೆಯಾಯಿತು. ಕಣ್ಣು ಹಳದಿ, ನೀರು ಕುಡಿದರೂ ವಾಂತಿ. ಹನ್ನೆರಡು ದಿನ ಚಾಪೆ ಬಿಟ್ಟು ಏಳಲಿಲ್ಲ. ಲಕ್ಷ್ಮಕ್ಕ ಮಂಡಿಗೆ ಹೋಗುವ ಮುನ್ನ ಗಂಜಿ ತಂದಿಡುತ್ತಿದ್ದಳು. "ನನ್ನ ಹೆಸರು ಹೊಡೆದ್ರಾ?" ಎಂದು ಕೇಳಿದರೆ "ಸುಮ್ಕೆ ಮಲಕ್ಕಳಮ್ಮ" ಎನ್ನುತ್ತಿದ್ದಳು. ಹೊಡೆದಿರುತ್ತಾರೆ ಎಂದೇ ತಿಳಿದೆ. ಹಾಗೇ ಆಗಬೇಕು ಎಂದೂ ಅನಿಸಿತು.

ಹದಿಮೂರನೆಯ ದಿನ ಗೋಡೆ ಹಿಡಿದುಕೊಂಡು ಮಂಡಿಗೆ ಹೋದೆ. ನನ್ನ ಜಾಗದಲ್ಲಿ ಗಂಗಮ್ಮ ಕೂತಿದ್ದಳು. ಹಿಂದಿನ ಕಂಬಕ್ಕೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದ್ದಳು. ಗುಮಾಸ್ತ "ಸರೋಜಮ್ಮ" ಎಂದು ನನ್ನ ಹೆಸರು ಕೂಗಿದ. "ಬಂದೀನಿ" ಎಂದವಳು ಗಂಗಮ್ಮ. ಬುಟ್ಟಿಗೊಂದು ತಲೆ ಬೇಕಿತ್ತು, ತಲೆ ಇತ್ತು. ಅದು ಯಾರ ತಲೆ ಎಂದು ನೋಡುವ ಅಭ್ಯಾಸ ಆ ಮಂಡಿಯಲ್ಲಿ ಯಾರಿಗೂ ಇರಲಿಲ್ಲ.

ನನ್ನನ್ನು ಕಂಡು ಅವಳು ಎದ್ದಳು. "ಬಾ ಅಕ್ಕ. ಹನ್ನೆರಡು ದಿನ ಸರೋಜಮ್ಮ ಆಗಿದ್ದಾತು. ಕೂಲಿ ನಾನೇ ತಿಂದ್ಬುಟ್ಟೆ, ಜಾಗ ನಿಂದು" ಎಂದು ನಕ್ಕಳು.

"ಚಾಡಿ ಹೇಳಿದ್ದು ನಾನು ಗಂಗಮ್ಮ" ಎಂದೆ.

"ಗೊತ್ತು. ಲಕ್ಷ್ಮಕ್ಕ ಹೇಳುದ್ಲು."

"ಗೊತ್ತಿದ್ದೂ ಯಾಕೆ ಬಂದೆ?"

ಅವಳಿಗೆ ಆ ಪ್ರಶ್ನೆಯೇ ಅರ್ಥವಾಗದಂತಿತ್ತು. "ಜಾಗ ಹೋದ್ರೆ ಹೆಂಗಿರ್ತದೆ ಅಂತ ನಂಗೊತ್ತಲ್ಲಕ್ಕ" ಎಂದಳು.

ಅದೇ ವಾರ ಸಾಹುಕಾರರ ಹೆಂಡತಿ ನನ್ನನ್ನು ಮತ್ತೆ ಒಳಗೆ ಕರೆಸಿದರು. ಸೊರಗಿದ್ದೇನೆಂದು ಮರುಗಿ ಹಾಲು ಕೊಟ್ಟರು. ಆಮೇಲೆ, "ಇನ್ಮೇಲೆ ನೀವು ಬೀಜ ಕುಟ್ಟೋದು ಬೇಡ. ತೂಕದ ಹತ್ರ ನಿಂತು ಇವರನ್ನ ನೋಡ್ಕೊಳ್ಳಿ, ಮೇಸ್ತ್ರಿ ಥರ. ನಮ್ಮೋರು ಒಬ್ಬರು ಇದ್ರೆ ನಮಗೂ ನೆಮ್ಮದಿ" ಎಂದರು.

ಲೋಟ ಕೆಳಗಿಟ್ಟೆ. "ಮೊದಲು ಗಂಗಮ್ಮನ ಹೆಸರು ಬರೆಸಿ ಅಮ್ಮಾ" ಎಂದೆ.

"ಅವಳಿಗೆ ಅಕ್ಕಿ ಕಳಿಸಿದೀನಲ್ಲ. ಬೇಕಾದ್ರೆ ಇನ್ನೊಂದು ಚೀಲ ಕಳಿಸ್ತೀನಿ."

"ಅಕ್ಕಿ ಕೇಳ್ತಿಲ್ಲಮ್ಮಾ. ಜಾಗ ಕೇಳ್ತಿದೀನಿ. ನಾನು ಮಲಗಿದ್ದಾಗ ನನ್ನ ಹೆಸರಲ್ಲಿ ಕೂತಿದ್ದೋಳು ಅವಳೇ. ಅದು ಮೋಸ ಅಂದ್ರೆ ನಾನೂ ಮೋಸಗಾರ್ತಿ. ನನ್ನ ಹೆಸರೂ ಹೊಡೀರಿ."

ಅವರ ಮುಖ ಕೆಂಪಾಯಿತು. "ಎಂಥ ಮನೆ ಮಗಳು ನೀವು! ಇವರ ಜತೆ ಸೇರಿ ಹೀಗಾದ್ರಾ?"

"ಹೌದಮ್ಮಾ, ಸೇರಿ" ಎಂದೆ.

ಹೆಸರು ಹೊಡೆದರು. ಹೊರಗೆ ಬಂದು ನನ್ನ ಕೊಡತಿಯನ್ನು ಎತ್ತಿಕೊಂಡೆ. ಏನಾಯಿತೆಂದು ಲಕ್ಷ್ಮಕ್ಕ ಕೇಳಿದಳು, ಹೇಳಿದೆ. ಅವಳು ಸೆರಗು ಕೊಡವಿ ಎದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕೊನೆಗೆ ಗಂಗಮ್ಮನ ಜಾಗಕ್ಕೆ ಬಂದಿದ್ದ ಹೊಸಬಳೂ ಎದ್ದಳು. ಹಣ್ಣಿನ ಕಾಲ ಅದು, ಗೇಟಿನಾಚೆ ಮೂಟೆ ತುಂಬಿದ ಗಾಡಿಗಳು ನಿಂತಿದ್ದವು. ನಾವು ಎದುರಿನ ಚರಂಡಿ ಕಟ್ಟೆಯ ಮೇಲೆ ಕೂತೆವು. ಗೇಟಿನಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದವರನ್ನು ಗುಮಾಸ್ತ ಒಳಗೆ ಕರೆದ. ಲಕ್ಷ್ಮಕ್ಕ ಅವರಿಗೆ ಕೂಗಿ ಹೇಳಿದಳು: "ಹೋಗ್ರಮ್ಮಾ, ಬ್ಯಾಡ ಅನ್ನಲ್ಲ. ನಾಳೆ ನೀವು ಹೆತ್ತಾಗ ನಿಮ್ ಹೆಸ್ರೂ ಹಿಂಗೇ ಹೊಡೀತಾರೆ." ಇಬ್ಬರು ಹೋದರು. ಉಳಿದವರು ನಮ್ಮ ಪಕ್ಕದಲ್ಲಿ ಬಂದು ಕೂತರು.

ಎರಡನೆಯ ದಿನ ಮಧ್ಯಾಹ್ನ ಸಾಹುಕಾರರು ಹೊರಗೆ ಬಂದು ತಮ್ಮ ತೀರ್ಮಾನ ಹೇಳಿದರು. ಗಂಗಮ್ಮನನ್ನು ಸೇರಿಸಿಕೊಳ್ಳುತ್ತಾರೆ. ಇನ್ನುಮುಂದೆ ಬಾಣಂತಿಯ ಜಾಗವನ್ನು ಒಂದು ತಿಂಗಳು ಯಾರಿಗೂ ಕೊಡುವುದಿಲ್ಲ. ಆದರೆ ಸರೋಜಮ್ಮ ಈ ಗೇಟು ದಾಟಕೂಡದು. ಲಕ್ಷ್ಮಕ್ಕ ನನ್ನ ಮುಖ ನೋಡಿದಳು. "ಒಪ್ಕೊ ಅಂತ ನಾನು ಹೇಳಲ್ಲ. ನೀನೇ ಹೇಳು" ಎಂದಳು. "ಒಳಗೆ ಹೋಗಿ" ಎಂದೆ. ನನ್ನ ಜಾಗದಲ್ಲಿ ಗಂಗಮ್ಮ ಕೂತಳು, ಈ ಸಲ ಅವಳ ಹೆಸರಿನಲ್ಲೇ. ಆ ಒಂದು ತಿಂಗಳ ಬಿಡುವನ್ನು ಊರು ಸಾಹುಕಾರರ ಧರ್ಮಬುದ್ಧಿ ಎಂದು ಹೊಗಳಿತು. ಹೊಗಳಲಿ. ಚರಂಡಿ ಕಟ್ಟೆಯ ಮೇಲೆ ಕೂತವರಿಗೆ ಗೊತ್ತು.

ನಾನು ಬೇರೆ ಮಂಡಿ ಸೇರಿದೆ. ಊರಿಗೆ ಸುದ್ದಿ ಮುಟ್ಟಿತು. ಆ ವರ್ಷ ಬೆಳುಗುಪ್ಪಕ್ಕೆ ಹೋದಾಗ ಅವ್ವ ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಹಿತ್ತಿಲಲ್ಲಿ ಕೂಲಿಯವರಿಗೆ ಮಜ್ಜಿಗೆ ಹೊಯ್ಯುತ್ತಾ ಅವರೆದುರೇ ಕೇಳಿದಳು: "ಕೊಡೋ ಮನೇಲಿ ಹುಟ್ಟಿ ಇಸ್ಕೊಳ್ಳೋರ ಸಾಲ್ನಲ್ಲಿ ಕೂತ್ಯಲ್ಲೇ. ನಾವ್ ಯಾರಿಗೆ ಕಮ್ಮಿ ಮಾಡಿದ್ವಿ?"

"ಕಮ್ಮಿ ಮಾಡಿಲ್ಲವ್ವ. ನಮ್ಮ ಹೊಲಕ್ಕೆ ಬರ್ತಿದ್ದ ಆ ರಾಮಕ್ಕ ಹೋದ್ವರ್ಷ ಜ್ವರದಲ್ಲಿ ಮಲಗಿದಾಗ ಅವಳ ಸಾಲಿಗೆ ಯಾರನ್ನ ಕರೆದೆ? ಎದ್ಮೇಲೆ ಅವಳನ್ನ ಮತ್ತೆ ಕರೆದ್ಯಾ?"

ಅವ್ವನ ಕೈ ನಿಂತಿತು. ರಾಮಕ್ಕನ ಮಗಳು ಅಲ್ಲೇ ಬೊಗಸೆ ಒಡ್ಡಿ ಕೂತಿದ್ದಳು. ನಾನು ಒಳಗೆ ಹೋಗಿ ಲೋಟಗಳನ್ನು ತಂದು ಒಬ್ಬೊಬ್ಬರ ಕೈಗೂ ಕೊಟ್ಟೆ. ಅವರು ತೆಗೆದುಕೊಳ್ಳಲು ಹೆದರಿದರು. ಅವ್ವ ಚೆಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಹೊರಡುವಾಗ ಅಣ್ಣ ಬಸ್ಸಿನವರೆಗೆ ಬರಲಿಲ್ಲ. ಆಮೇಲೆ ಆರು ವರ್ಷ ಯಾವ ಮದುವೆಗೂ ನನಗೆ ಕರೆ ಬರಲಿಲ್ಲ. ಇದನ್ನು ಓದಿ ಮತ್ತೆ ಆರು ವರ್ಷ ಕರೆಯದಿದ್ದರೂ ಬರೆದದ್ದನ್ನು ಅಳಿಸುವುದಿಲ್ಲ.

ಬಡವರೆಲ್ಲ ದೇವರಂಥವರು, ಉಳ್ಳವರೆಲ್ಲ ಕಲ್ಲು ಎಂದು ಹೇಳಲು ಬರೆಯುತ್ತಿಲ್ಲ. ಹಾಗಿದ್ದರೆ ನನ್ನ ಕಥೆ ಸುಲಭವಾಗುತ್ತಿತ್ತು. ತೊಂಬತ್ತರ ದಶಕ ಬಂತು. ನನ್ನ ಗಂಡ ಸ್ವಂತ ವೈಂಡಿಂಗ್ ಅಂಗಡಿ ಹಾಕಿದರು, ಮೂರು ಕೋಣೆಯ ಮನೆ ಕಟ್ಟಿದೆವು, ಪಾತ್ರೆ ತೊಳೆಯಲು ಒಬ್ಬಳು ಬರತೊಡಗಿದಳು. ಕಳೆದ ತಿಂಗಳು ಅವಳು ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಪಕ್ಕದ ಮನೆಯವರನ್ನು ಕೇಳುತ್ತಿದ್ದೆ, "ಬೇರೆ ಯಾರಾದ್ರೂ ಸಿಗ್ತಾರಾ?" ಎಂದು. ಕೇಳಿ ಮುಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಅವಳ ಮನೆ ಹುಡುಕಿ ಹೋದೆ. ಅವಳ ಮಗನ ಕಾಲು ಮುರಿದಿತ್ತು. "ನಿನ್ನ ಕೆಲ್ಸ ಎಲ್ಲೂ ಹೋಗಲ್ಲ, ಸಂಬಳವೂ ಬರ್ತದೆ" ಎಂದು ಹೇಳಿ ಬಂದೆ. ಆದರೆ ಮೊದಲು ಬಾಯಿಗೆ ಬಂದದ್ದು ಯಾವ ಮಾತು ಎನ್ನುವುದು ನನಗೆ ಗೊತ್ತು.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿನ ಹಿಂದಿನ ಹಳೆಯ ಸಾಲಿಗೆ ನಡೆದೆ. ಲಕ್ಷ್ಮಕ್ಕ ಈಗಿಲ್ಲ. ಗಂಗಮ್ಮ ಅದೇ ಕೊನೆಯ ಕೋಣೆಯಲ್ಲಿದ್ದಾಳೆ, ಮಗಳು ಹೈಸ್ಕೂಲು. ನನ್ನನ್ನು ಕಂಡದ್ದೇ ಪಕ್ಕದ ಮನೆಗೆ ಓಡಿ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿದಳು. "ಕೂತ್ಕಳಿ ಅಕ್ಕಾ" ಎಂದಳು. "ನೀನು" ಹೋಗಿ "ನೀವು" ಆಗಿತ್ತು. ಯಾವಾಗ ಆಯಿತೋ ನಾನು ಗಮನಿಸಿರಲಿಲ್ಲ.

ಬೆಳುಗುಪ್ಪದಲ್ಲಿ ನನ್ನನ್ನು ಹಿಂದೂಪುರದವಳು ಎನ್ನುತ್ತಾರೆ. ಹಿಂದೂಪುರದ ಈ ಬಾಗಿಲಲ್ಲಿ ನಾನು ಮೇಲಿನವಳು. ಎರಡನ್ನೂ ಒಪ್ಪಿಕೊಳ್ಳುವ ಮನಸ್ಸು ನನಗಿಲ್ಲ. ಕುರ್ಚಿಯನ್ನು ಗೋಡೆಗೆ ಸರಿಸಿ ನೆಲದ ಮೇಲೆ ಕೂತೆ. "ಅಯ್ಯೋ, ಸೀರೆ ಕೊಳೆ ಆಯ್ತದೆ" ಎಂದಳು. "ಆಗ್ಲಿ" ಎಂದೆ. ಅವಳು ನಿಂತೇ ಇದ್ದಳು. ನೀನು ಕೂರುವವರೆಗೂ ನಾನು ಏಳುವವಳಲ್ಲ ಎಂದೆ. ಕೊನೆಗೆ ಕೂತಳು, ನನ್ನಿಂದ ಒಂದು ಮೊಳ ದೂರದಲ್ಲಿ. ನಾನು ಜರುಗಿ ಹತ್ತಿರ ಹೋದೆ.