ಅಜ್ಜಿ ಹೊತ್ತ ಸುಳ್ಳು ಹರಕೆ

ನನಗೆ ಹನ್ನೊಂದು ವರ್ಷವಾಗಿದ್ದಾಗ ಅಮ್ಮನಿಗೆ ವಿಷಮಜ್ವರ ಬಂತು. ಜ್ವರ ಬಿಡಲು ಐದು ವಾರ ಹಿಡಿಯಿತು. ಜ್ವರ ಬಿಟ್ಟರೂ ಅಮ್ಮ ಮಂಚ ಬಿಡಲಿಲ್ಲ. ತಲೆಗೂದಲು ಅರ್ಧಕ್ಕರ್ಧ ಉದುರಿಹೋಗಿತ್ತು. ಬಚ್ಚಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ಎರಡು ಸಲ ನಿಲ್ಲುತ್ತಿದ್ದಳು. ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ.

ನಾವಿದ್ದದ್ದು ರಾಜಾಜಿನಗರದಲ್ಲಿ. ಬಡಾವಣೆ ಇನ್ನೂ ಕಣ್ಣು ಬಿಡುತ್ತಿದ್ದ ಕಾಲವದು. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ಏಳು ಮನೆ, ಅದರಾಚೆ ರಾಗಿ ಹೊಲ. ಅಪ್ಪ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ಮತ್ತು ಒಬ್ಬಳೇ ಮಗಳಾದ ನಾನು. ಅಜ್ಜಿ ಮಾಗಡಿ ಕಡೆಯ ಹಳ್ಳಿಯವಳು. ಹರೆಯದಲ್ಲಿ ಬೆಣ್ಣೆ ಗಡಿಗೆ ಹೊತ್ತು ಸಂತೆಗೆ ನಡೆದುಹೋಗಿ, ಅದೇ ದಿನ ನಡೆದು ಬರುತ್ತಿದ್ದಳಂತೆ.

ಒಂದು ಸಂಜೆ ಡಾಕ್ಟರ ಷಾಪಿಗೆ ಅಮ್ಮನನ್ನು ಜಟಕಾದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರು ನಾಡಿ ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿದರು.

"ಔಷಧಿ ಸಾಕಮ್ಮ. ಇನ್ಮೇಲೆ ನಡೀಬೇಕು. ದಿನಾ ಬೆಳಿಗ್ಗೆ ಹೊರಗಡೆ ನಡೀರಿ. ಇವತ್ತು ನೂರು ಹೆಜ್ಜೆ ಆದ್ರೆ ನಾಳೆ ನೂರಿಪ್ಪತ್ತು."

ಮನೆಗೆ ಬಂದ ಮೇಲೆ ಅಪ್ಪ ಕೋಟು ಬಿಚ್ಚುತ್ತಲೇ ಗೊಣಗಿದರು. "ಡಾಕ್ಟರಿಗೇನು, ಹೇಳ್ತಾರೆ. ಮನೆ ಹೆಂಗಸು ಕೆಲಸ ಇಲ್ದೆ ಬೀದೀಲಿ ತಿರುಗಿದ್ರೆ ನಾಲ್ಕು ಜನ ಏನಂತಾರೆ?"

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಆ ನಾಲ್ಕು ಜನ ಬಂದು ನಿನ್ನ ಹೆಂಡ್ತೀನ ಮಂಚದಿಂದ ಎಬ್ಬಿಸ್ತಾರೇನಪ್ಪ?"

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಅಮ್ಮನ ರಟ್ಟೆ ಹಿಡಿದು ಹೊರಗೆ ನಡೆಸಿದಳು. ನಾನೂ ಹಿಂದೆ ಹೊರಟೆ. ಮೂಲೆಮನೆಯಾಕೆ ಬಾಗಿಲಿಗೆ ನೀರು ಹಾಕುತ್ತಿದ್ದವರು ಚೊಂಬು ಕೆಳಗಿಟ್ಟರು.

"ಎಲ್ಲಿಗಮ್ಮ ಇಷ್ಟು ಬೆಳಿಗ್ಗೇನೇ?"

ಅಮ್ಮ ನೆಲ ನೋಡಿದಳು. ಅಜ್ಜಿ ರೆಪ್ಪೆ ಬಡಿಯದೆ ಹೇಳಿದಳು: "ಹರಕೆ ಕಣಮ್ಮ. ಸೊಸೆ ಹುಷಾರಾದ್ರೆ ಸಾವನದುರ್ಗದ ಬೆಟ್ಟ ಹತ್ತಿಸ್ತೀನಿ ಅಂತ ನರಸಿಂಹಸ್ವಾಮಿಗೆ ಹೇಳ್ಕೊಂಡಿದ್ದೆ. ಕಾಲು ಪಳಗಬೇಕಲ್ಲ, ಅದಕ್ಕೆ ನಡೆಸ್ತಾ ಇದೀನಿ."

ಆಕೆ ಭಕ್ತಿಯಿಂದ ಕೈ ಮುಗಿದರು. ಸ್ವಲ್ಪ ಮುಂದೆ ಹೋದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು, "ಅತ್ತೆ, ಯಾವಾಗ ಹೊತ್ತಿದ್ರಿ ಈ ಹರಕೆ?"

"ಈಗಷ್ಟೇ," ಎಂದು ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಗು ನಿಂತಿತು. ಅಜ್ಜಿ ಮನುಷ್ಯರ ಹತ್ತಿರ ಸಮಯ ನೋಡಿ ಸುಳ್ಳು ಹೇಳುವವಳೇ. ಆದರೆ ದೇವರ ವಿಷಯದಲ್ಲಿ ಅವಳಿಗೆ ಭಯವಿತ್ತು. ರಸ್ತೆಯ ನಡುವೆ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡಳು.

"ಸ್ವಾಮಿ ಹೆಸರು ಬಾಯಲ್ಲಿ ಬಂದ್ಬಿಡ್ತಲ್ಲೇ. ಇನ್ನು ಹತ್ತಲೇಬೇಕು ಕಣಮ್ಮ. ಬೇರೆ ದಾರಿ ಇಲ್ಲ."

ಅವತ್ತು ಅಮ್ಮ ನಡೆದದ್ದು ಬೀದಿಯ ಕೊನೆಯ ನಲ್ಲಿಯ ತನಕ ಮಾತ್ರ. ಅಲ್ಲಿನ ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟಳು, ಎದೆಯೊಳಗೆ ಗೊರಗೊರ ಸದ್ದು. ಸಾವನದುರ್ಗ ಎಂದರೆ ಒಂದೇ ಕಲ್ಲಿನ ಬೆಟ್ಟ, ಆಕಾಶಕ್ಕೆ ಒರಗಿ ನಿಂತಂಥ ಬಂಡೆ ಎಂದು ನನಗೆ ಅಜ್ಜಿಯೇ ಹಿಂದೆ ಹೇಳಿದ್ದಳು. ಅಮ್ಮನನ್ನು ನೋಡಿ ನನಗೆ ಅಳು ಬಂತು.

ಹದಿನೈದು ದಿನಕ್ಕೆ ನಾವು ಮಾಗಡಿ ರಸ್ತೆ ಮುಟ್ಟಿದೆವು. ತರಕಾರಿ ತುಂಬಿದ ಎತ್ತಿನಗಾಡಿಗಳು ಊರೊಳಗೆ ಬರುತ್ತಿದ್ದವು, ನಾವು ಎದುರಿಗೆ ಊರ ಹೊರಗೆ ಹೋಗುತ್ತಿದ್ದೆವು. ತಿಂಗಳಾದ ಮೇಲೆ ಕಾಮಾಕ್ಷಿಪಾಳ್ಯ ದಾಟಿದೆವು. ಅಮ್ಮನಿಗೆ ಹಸಿವು ಶುರುವಾಯಿತು. ಗಂಜಿಯನ್ನೇ ಅರ್ಧ ಬಿಡುತ್ತಿದ್ದವಳು ಒಂದು ದಿನ ಎರಡನೆಯ ರಾಗಿರೊಟ್ಟಿ ಕೇಳಿದಳು. ಅಪ್ಪ ತಟ್ಟೆಯಿಂದ ತಲೆಯೆತ್ತಿ ಅವಳನ್ನು ನೋಡಿದರು.

ಆದರೆ ದಾರಿ ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಶ್ರೀಗಂಧದ ಕಾವಲಿನ ಕಡೆ ಸಣ್ಣದೊಂದು ಏರು ಇತ್ತು, ಸುತ್ತ ತಂಗಡಿ ಗಿಡ, ಜಾಲಿ. ಒಂದು ಬೆಳಿಗ್ಗೆ ಅದರ ಮಧ್ಯದಲ್ಲಿ ಅಮ್ಮ ಕುಸಿದು ಕೂತಳು. ಮುಖ ಬೆವೆತು ಬಿಳಿಚಿಕೊಂಡಿತ್ತು.

"ನನ್ನ ಕೈಲಾಗಲ್ಲ ಅತ್ತೆ. ಈ ದಿನ್ನೇನೇ ಹತ್ತೋಕಾಗ್ದೋಳು ಬೆಟ್ಟ ಹತ್ತೋದುಂಟಾ? ನನ್ನ ಬಿಟ್ಬಿಡಿ," ಎಂದು ಮೊಣಕಾಲಿಗೆ ಮುಖವಿಟ್ಟು ಅತ್ತಳು.

ಅಜ್ಜಿ ಗದರುತ್ತಾಳೆಂದು ನಾನು ಎಣಿಸಿದ್ದೆ. ಅವಳು ಅಮ್ಮನ ಪಕ್ಕ ಕೂತು, ಎಲೆಯಡಿಕೆ ಚೀಲ ಬಿಚ್ಚಿ, ನಿಧಾನವಾಗಿ ಸುಣ್ಣ ಸವರಿದಳು. "ಕೂತ್ಕೋ. ಅಳು ಬಂದ್ರೆ ಅತ್ಕೋ. ಬೆಟ್ಟ ಎಲ್ಲೂ ಹೋಗಲ್ಲ."

ತುಂಬಾ ಹೊತ್ತು ಕೂತಿದ್ದೆವು. ಗೌಜಲ ಹಕ್ಕಿಯೊಂದು ಮರಿಗಳ ಸಾಲಿನೊಂದಿಗೆ ನಮ್ಮೆದುರೇ ದಾರಿ ದಾಟಿತು. ಅಮ್ಮ ಕಣ್ಣೊರೆಸಿಕೊಂಡು ಅವುಗಳನ್ನೇ ನೋಡಿದಳು. ಆ ದಿನ ಅಲ್ಲಿಂದಲೇ ಹಿಂದಿರುಗಿದೆವು. ಆದರೆ ಮಾರನೆಯ ಬೆಳಿಗ್ಗೆ ಅಜ್ಜಿಯನ್ನು ಎಬ್ಬಿಸಿದ್ದು ಅಮ್ಮ.

ಆ ವಾರವೇ ಅಪ್ಪ ಆಫೀಸಿನಿಂದ ಬರುವಾಗ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದು ಮಂಚದ ಮೇಲಿಟ್ಟರು. ಒಳಗೆ ಬಿಳಿಯ ಕ್ಯಾನ್ವಾಸ್ ಬೂಟು, ಶಾಲೆಯ ಡ್ರಿಲ್ಲಿಗೆ ಹುಡುಗರು ಹಾಕುವಂಥದು. ಅಮ್ಮ ಗಾಬರಿಯಾದಳು. "ಅಯ್ಯೋ, ಇದೇನ್ರೀ? ಸೀರೆ ಕೆಳಗೆ ಬೂಟಾ?"

"ಬಂಡೆ ಜಾರುತ್ತಂತೆ," ಎಂದಷ್ಟೇ ಹೇಳಿ ಅಪ್ಪ ಕೈಕಾಲು ತೊಳೆಯಲು ಹೋದರು.

ಅಲ್ಲಿಂದ ಭಾನುವಾರಗಳು ಬೇರೆಯೇ ಆದವು. ಅಪ್ಪನೂ ಬರತೊಡಗಿದರು. ಮೊದಮೊದಲು ನಮಗೂ ಅವರಿಗೂ ಸಂಬಂಧವಿಲ್ಲವೆಂಬಂತೆ ಹತ್ತು ಮಾರು ಮುಂದೆ, ಬರಬರುತ್ತ ಐದು ಮಾರು, ಆಮೇಲೆ ಬುತ್ತಿಚೀಲ ಅವರ ಹೆಗಲಿಗೇ ಬಂತು. ಕೆಂಗೇರಿ ಕಡೆ ಹೋಗಿ ಚಿಕ್ಕಪುಟ್ಟ ಬಂಡೆ ಹತ್ತಿದೆವು. ಅಜ್ಜಿ ಬರಿಗಾಲಲ್ಲಿ ನಮಗೆಲ್ಲ ಪಾಠ ಹೇಳಿದಳು: ಹೆಬ್ಬೆರಳ ಮೇಲಲ್ಲ, ಇಡೀ ಪಾದ ಊರಬೇಕು, ಬಂಡೆಗೆ ಹೆದರಿ ಬಗ್ಗಿದಷ್ಟೂ ಕಾಲು ಜಾರುತ್ತದೆ. ಹಳ್ಳದ ನೀರಿಗೆ ಕಾಲು ಇಳಿಬಿಟ್ಟು ಚಿತ್ರಾನ್ನ ತಿನ್ನುತ್ತಿದ್ದೆವು. ಅಪ್ಪ ಅಷ್ಟು ಮಾತಾಡಬಲ್ಲರೆಂದು ನನಗೆ ತಿಳಿದದ್ದು ಆ ಭಾನುವಾರಗಳಲ್ಲೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಮಾಗಡಿ ಬಸ್ಸು ಹಿಡಿದು, ಅಲ್ಲಿಂದ ಗಾಡಿ ಮಾಡಿಕೊಂಡು, ಬೆಟ್ಟದ ಹತ್ತಿರದ ಹಳ್ಳಿಯಲ್ಲಿದ್ದ ಅಜ್ಜಿಯ ತಂಗಿಯ ಮನೆಯಲ್ಲಿ ಉಳಿದೆವು. ಭಾನುವಾರ ಬೆಳಿಗ್ಗೆ ಸ್ವಾಮಿಗೆ ಹಣ್ಣುಕಾಯಿ ಮಾಡಿಸಿ ಹತ್ತಲು ಶುರುಮಾಡಿದೆವು. ಬಂಡೆ ರಾತ್ರಿಯ ಮಂಜಿಗೆ ತಣ್ಣಗಿತ್ತು. ಹಳೆಯ ಕೋಟೆಗೋಡೆಯ ತನಕ ಅಜ್ಜಿಯೇ ಮುಂದೆ. ಅಲ್ಲಿ ಅವಳ ಮಂಡಿ ಕೈಕೊಟ್ಟಿತು. ಗೋಡೆಗೆ ಒರಗಿ ಕೂತು ಸೆರಗಿನಿಂದ ಗಾಳಿ ಬೀಸಿಕೊಂಡಳು.

"ಹೊತ್ತೋಳು ನಾನು, ಹತ್ತಬೇಕಾದೋಳು ನೀನು. ಹೋಗಿ ಬನ್ನಿ," ಎಂದಳು. ನಾನು ಅವಳ ಜೊತೆ ಉಳಿಯುತ್ತೇನೆಂದರೆ, "ನಿಂಗೇನೇ ಮಂಡಿ ನೋವು? ನಡಿ," ಎಂದು ಬೆನ್ನಿಗೊಂದು ಕೊಟ್ಟಳು.

ಗೋಡೆ ದಾಟಿದ ಮೇಲೆ ಬಂಡೆ ಕಡಿದಾಯಿತು. ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಅಮ್ಮ ಇಪ್ಪತ್ತು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಇಪ್ಪತ್ತು ಹೆಜ್ಜೆ, ಹೀಗೆ ಹೋಗುತ್ತಿದ್ದಳು. ಹಿಂದೆ ಅಪ್ಪನ ಸದ್ದು ಕೇಳಲಿಲ್ಲ. ತಿರುಗಿ ನೋಡಿದರೆ ಅವರು ಅಂಗೈ, ಮಂಡಿ ಎರಡೂ ಊರಿ, ಕಣ್ಣು ಮುಚ್ಚಿ, ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡಿದ್ದರು.

"ನೀವು ಹೋಗಿ. ನಾನು ಇಲ್ಲೇ ಇರ್ತೀನಿ," ಎಂದರು.

ಅಮ್ಮ ಇಳಿದು ಅವರ ಹತ್ತಿರ ಹೋದಳು. ಕೈ ಚಾಚಿದಳು. "ಕೆಳಗೆ ನೋಡ್ಬೇಡಿ. ನನ್ನ ಕಾಲು ನೋಡ್ಕೊಂಡು ಬನ್ನಿ. ಪೂರಾ ಪಾದ ಊರಿ."

ಅಪ್ಪ ಕಣ್ಣು ತೆರೆದು ಅಮ್ಮನ ಕೈ ಹಿಡಿದರು. ಮನೆಯಲ್ಲಿ ನಮ್ಮೆದುರು ಒಂದು ದಿನವೂ ಹಾಗೆ ಹಿಡಿದವರಲ್ಲ. ತುದಿ ಮುಟ್ಟುವವರೆಗೆ ಬಿಡಲಿಲ್ಲ.

ತುದಿಯಲ್ಲಿ ಕಲ್ಲಿನ ನಂದಿ, ಮೇಲೊಂದು ಚಿಕ್ಕ ಮಂಟಪ, ಕಿವಿ ತುಂಬುವ ಗಾಳಿ. ಕೆಳಗೆ ಕೆರೆಗಳು ಒಡೆದ ಕನ್ನಡಿಯ ಚೂರುಗಳ ಹಾಗೆ ಹೊಳೆಯುತ್ತಿದ್ದವು. ಅಮ್ಮನಿಗೆ ಹೊಸದಾಗಿ ಹುಟ್ಟಿದ ಗಿಡ್ಡ ಕೂದಲು ಹಣೆಯ ಸುತ್ತ ಹಾರಾಡುತ್ತಿತ್ತು. ನಾನು ಅವಳ ಎದೆಗೆ ಕಿವಿಯಿಟ್ಟೆ. ಉಸಿರು ಜೋರಾಗಿತ್ತು, ಆದರೆ ಹಿಂದಿನ ಆ ಗೊರಗೊರ ಇರಲಿಲ್ಲ.

"ಏನೇ ಕೇಳಿಸ್ತಾ ಇದೆ?" ಎಂದಳು.

"ಏನಿಲ್ಲಮ್ಮ."

"ನಂಗೆ ಹಸಿವಾಗ್ತಿದೆ ಕಣೇ," ಎಂದು ನಕ್ಕಳು. ಆ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಇಳಿಯುವಾಗ ಅಪ್ಪ ಬಹುಪಾಲು ದಾರಿ ಕೂತೇ ಜಾರಿದರು, ಪಂಚೆ ಹರಿಯಿತು. ಕೋಟೆಗೋಡೆಯ ನೆರಳಲ್ಲಿ ಅಜ್ಜಿ ಸೆರಗು ಹಾಸಿ ನಿದ್ದೆ ಮಾಡುತ್ತಿದ್ದಳು. ನಮ್ಮ ಸದ್ದಿಗೆ ಎದ್ದು, "ಆಯ್ತಾ?" ಎಂದಳು.

"ಆಯ್ತು ಅತ್ತೆ."

ಅಜ್ಜಿ ಕೆಳಗಿನ ಗುಡಿಯ ಕಡೆಗೆ ತಿರುಗಿ ಕೈ ಮುಗಿದಳು. "ಸುಳ್ಳು ಹೇಳ್ದೆ ಅಂತ ತಿಳ್ಕೋಬೇಡಪ್ಪ. ಸ್ವಲ್ಪ ಮುಂಚೆ ಹೇಳ್ದೆ, ಅಷ್ಟೆ."

ಹರಕೆ ತೀರಿದ ಮೇಲೆ ನಡಿಗೆ ನಿಲ್ಲುತ್ತದೆಂದು ಅಪ್ಪ ಎಣಿಸಿದ್ದಿರಬೇಕು. ನಿಲ್ಲಲಿಲ್ಲ. ಆ ವಾರವೇ ಮೂಲೆಮನೆಯಾಕೆ ಸೊಂಟ ಹಿಡಿದುಕೊಂಡು ಬಂದು, ಹರಕೆ ಇಲ್ಲದವರೂ ಜೊತೆಗೆ ಬರಬಹುದೇ ಎಂದು ಕೇಳಿದರು. ಅಜ್ಜಿ ದೊಡ್ಡ ಮನಸ್ಸಿನಿಂದ ಒಪ್ಪಿದಳು. ಯಾರಾದರೂ ಕೇಳಿದರೆ ಅಮ್ಮ ಈಗ ನೆಲ ನೋಡುತ್ತಿರಲಿಲ್ಲ, "ನಡೆಯೋಕೆ ಹೋಗ್ತಾ ಇದೀವಿ," ಎನ್ನುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ನಾವು ರೈಲಿನಲ್ಲಿ ಹೋಗಿ ರಾಮದೇವರ ಬೆಟ್ಟ ಹತ್ತಿದೆವು. ಬುಡದಲ್ಲಿ ನಾನು ಅಮ್ಮನಿಗೆ ಪಂದ್ಯ ಕಟ್ಟಿ, ಓಡಿ, ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತೆ. ಅವಳು ಅದೇ ಇಪ್ಪತ್ತು ಹೆಜ್ಜೆಯ ಲೆಕ್ಕದಲ್ಲಿ ನನ್ನನ್ನು ದಾಟಿ ಹೋದಳು. ನಾನು ಮೇಲೆ ಮುಟ್ಟುವ ಹೊತ್ತಿಗೆ ಕಿತ್ತಳೆ ಹಣ್ಣು ಸುಲಿದು, ನನ್ನ ಪಾಲಿನ ತೊಳೆಗಳನ್ನು ಸಿಪ್ಪೆಯ ಮೇಲೆ ಜೋಡಿಸಿಟ್ಟು ಕೂತಿದ್ದಳು.